ಚೂರಾಗಿಯೋ, ಇಡಿಯಾಗಿಯೋ

ಮನೆಯಿಂದ,
ಅಕ್ಟೋಬರ್ ೧೪, ಬುಧವಾರ

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಎಂದು ಬರೆದಿದ್ದೆಯಲ್ಲ, ಗುಳ್ಳೆ ಒಣಗಿತೇ? ಮೂವತ್ತು ಜನರಿಗೆ ಬಡಿಸುವವನು ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎನ್ನುವುದೇ ನನಗೆ ಚಿಂತೆ. ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದು.

ಬೇಸಿಗೆಯಿಂದಲೂ ಶೌಚಕ್ಕೆ ಹೋದಾಗ ಆಗಾಗ ರಕ್ತ ಕಾಣಿಸುತ್ತಿತ್ತು. ದಿನವಿಡೀ ಬಸ್ಸು ಓಡಿಸುವವಳಿಗೆ ಮೂಲವ್ಯಾಧಿಯಲ್ಲದೆ ಇನ್ನೇನು ಎಂದು ನಾನೇ ಡಾಕ್ಟರಾಗಿಬಿಟ್ಟೆ. ಕಡೆಗೆ ನಿನ್ನ ಭಾವನೇ ಪತ್ತೆ ಹಚ್ಚಿ ಎಳೆದುಕೊಂಡು ಹೋದರು. ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡಿದಾಗ ದೊಡ್ಡ ಕರುಳಿನ ಕೊನೆಯಲ್ಲಿ ಒಂದು ಪಾಲಿಪ್ ಸಿಕ್ಕಿತು. ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟಿಗೆ ಹಾಗೆನ್ನುತ್ತಾರೆ. ನನ್ನದು ನಾಲ್ಕು ಸೆಂಟಿಮೀಟರ್ ಅಗಲಕ್ಕೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಹೊಟ್ಟೆ ಕೊಯ್ಯಬೇಕಿಲ್ಲ, ಕೊಳವೆಯ ಮೂಲಕವೇ ತೆಗೆಯಬಹುದು ಎಂದರು. ಹೇಗೆ ತೆಗೆಯುವುದು ಎನ್ನುವಲ್ಲಿ ಮಾತ್ರ ಇಬ್ಬರು ಡಾಕ್ಟರಿಗೆ ಎರಡು ಅಭಿಪ್ರಾಯ.

"ಕೆಳಗೆ ದ್ರವ ಚುಚ್ಚಿ ಗಂಟನ್ನ ಎಬ್ಬಿಸ್ತೀವಿ, ತಂತಿ ಕುಣಿಕೆ ಹಾಕಿ ಚೂರು ಚೂರಾಗಿ ಕತ್ತರಿಸ್ತೀವಿ. ಒಂದು ಗಂಟೆ ಕೆಲಸ, ಸಂಜೆಗೆ ಮನೆ. ಆದ್ರೆ ಕೆಲವರಿಗೆ ಅದೇ ಜಾಗದಲ್ಲಿ ಮತ್ತೆ ಚಿಗುರುತ್ತೆ, ಆರು ತಿಂಗಳಿಗೆ ಇನ್ನೊಂದ್ಸಲ ನೋಡ್ಬೇಕು," ಎಂದರು ಹಿರಿಯ ಡಾಕ್ಟರು. ಕಿರಿಯ ಡಾಕ್ಟರಮ್ಮ ತೆರೆಯ ಮೇಲಿನ ಚಿತ್ರಕ್ಕೆ ಬೆರಳಿಟ್ಟರು. "ನಾನು ಸುತ್ತ ಅಂಚು ಬಿಡಿಸಿ, ಅಡಿಯಿಂದ ಮೆಲ್ಲಗೆ ಸುಲೀತಾ ಇಡಿಯಾಗಿ ತೆಗೀತೀನಿ. ಮೂರು ಗಂಟೆ ಬೇಕು. ಕರುಳು ತೂತಾಗೋ ಭಯ ಇದ್ರಲ್ಲೇ ಜಾಸ್ತಿ. ಆದ್ರೆ ಇಲ್ಲಿ ಕುಳಿ ಬಿದ್ದಿದೆ ನೋಡಿ, ಇದು ನಂಗೆ ಹಿಡಿಸ್ತಿಲ್ಲ. ಒಳಗೆ ಕ್ಯಾನ್ಸರ್ ಶುರುವಾಗಿದ್ರೆ, ಚೂರುಗಳನ್ನ ನೋಡಿ ಪೂರ್ತಿ ಬಂತೋ ಇಲ್ವೋ ಅಂತ ಹೇಳೋದು ಕಷ್ಟ."

ಆ ಪದ ಕಿವಿಗೆ ಬಿದ್ದಮೇಲೆ ತೆರೆಯ ಮೇಲಿನ ಆ ಕುಳಿಯಿಂದ ನಾನು ಕಣ್ಣು ಕೀಳಲಿಲ್ಲ. ಭಾವನಿಗೋ ಬೇಗ ಮುಗಿಯುವುದೇ ವಾಸಿ ಅನ್ನಿಸಿತ್ತು. ಹಿರಿಯರೂ ಹಟ ಹಿಡಿಯಲಿಲ್ಲ ಎನ್ನು. ಹೆಚ್ಚಿನ ಗಂಟುಗಳಿಗೆ ತಮ್ಮ ದಾರಿಯೇ ಸಾಕು, ಈ ಕುಳಿ ನೋಡಿದರೆ ತಾವೂ ಯೋಚಿಸಬೇಕಾಗುತ್ತದೆ ಎಂದು ಒಪ್ಪಿಕೊಂಡರು. ನಾನು ಡಾಕ್ಟರಮ್ಮನನ್ನೇ ಕೇಳಿದೆ, ಇದುವರೆಗೆ ಎಷ್ಟು ಮಾಡಿದ್ದೀರಿ ಎಂದು. "ಇನ್ನೂರು ದಾಟಿದೆ. ಎಂಟು ಜನಕ್ಕೆ ತೂತಾಯ್ತು. ಏಳು ಜನಕ್ಕೆ ಅಲ್ಲೇ ಕ್ಲಿಪ್ ಹಾಕಿ ಮುಚ್ಚಿದೆ, ಒಬ್ರಿಗೆ ಆಪರೇಷನ್ನೇ ಬೇಕಾಯ್ತು," ಎಂದರು. ಆ ಒಬ್ಬರನ್ನೂ ಮುಚ್ಚಿಡಲಿಲ್ಲ ನೋಡು, ಅದಕ್ಕೇ ಅವರ ಕೈಗೆ ನನ್ನನ್ನು ಒಪ್ಪಿಸಿಕೊಂಡೆ.

ಒಂಬತ್ತನೆಯವಳು ನಾನೇ ಆದೆ ಕಣೋ! ಮೂರು ಗಂಟೆಯ ಕೆಲಸ ನಾಲ್ಕಾಯಿತು, ಸೂಜಿಮೊನೆಯಷ್ಟು ತೂತು ಬಿತ್ತು, ಮೂರು ಕ್ಲಿಪ್ ಹಾಕಿ ಮುಚ್ಚಿದರು. ಎರಡು ದಿನ ಹನಿ ನೀರೂ ಇಲ್ಲ, ಬರೀ ಡ್ರಿಪ್. ಜ್ವರ ಬಂದೀತೆಂದು, ಹೊಟ್ಟೆ ಗಟ್ಟಿಯಾದೀತೆಂದು ನರ್ಸು ಗಂಟೆಗೊಮ್ಮೆ ಮುಟ್ಟಿ ನೋಡುವಳು, ಭಾವ ಅವಳ ಮುಖ ನೋಡುವರು. ಜ್ವರ ಬರಲಿಲ್ಲ. ಮೂರನೆಯ ದಿನ ಗಂಜಿ ಕೊಟ್ಟರು; ಜನ್ಮದಲ್ಲಿ ಅಷ್ಟು ರುಚಿಯಾದದ್ದು ತಿಂದಿಲ್ಲ, ನಿನ್ನ ಅಡುಗೆಯೂ ಸೇರಿ.

ನಿನ್ನೆ ವರದಿ ಬಂತು. ಕುಳಿಯ ಜಾಗದಲ್ಲಿ ಕ್ಯಾನ್ಸರ್ ಶುರುವಾಗಿತ್ತಂತೆ, ಆದರೆ ಮೇಲುಪದರದಲ್ಲಷ್ಟೇ. ಸುತ್ತಲೂ, ಅಡಿಯಲ್ಲೂ ಅಂಚು ಚೊಕ್ಕ. ಇನ್ನು ಕೊಯ್ಯುವುದೇನಿಲ್ಲ, ಆಗಾಗ ತೋರಿಸಿಕೊಂಡರೆ ಸಾಕು. "ಚೂರು ಮಾಡಿದ್ರೆ ಈ ಮಾತನ್ನ ಇಷ್ಟು ಧೈರ್ಯವಾಗಿ ಹೇಳೋಕಾಗ್ತಿರ್ಲಿಲ್ಲ," ಎಂದು ಹಿರಿಯ ಡಾಕ್ಟರೇ ಹೇಳಿದರು. ಭಾವ ಮೂಗು ಸೋರುತ್ತಿದೆ ಎಂದು ಕರವಸ್ತ್ರ ತೆಗೆದುಕೊಂಡು ಹೊರಗೆ ಹೋದವರು ಕಾಲು ಗಂಟೆ ಬರಲಿಲ್ಲ. ಇನ್ನೆರಡು ವಾರಕ್ಕೆ ನಾನು ಮತ್ತೆ ಸ್ಟಿಯರಿಂಗ್ ಹಿಡಿಯುತ್ತೇನೆ.

ನಿನ್ನ ಜೊತೆಯವರಿಗೆಲ್ಲ ಅಕ್ಕ ಕೇಳಿದಳೆಂದು ಹೇಳು. ಕಡಲು ನಿನ್ನನ್ನು ಮೆಲ್ಲಗೆ ತೂಗಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು ಒಂದು ಮಾತು: ಒಡಹುಟ್ಟಿದವರೂ ಈ ಪರೀಕ್ಷೆ ಮಾಡಿಸಿಕೊಳ್ಳಲೇಬೇಕಂತೆ. ನಿನಗೆ ನಲವತ್ತೆರಡು. ಹೋದ ಸಲ ರಜೆಗೆ ಬಂದಾಗ ನೀನು ಕಕ್ಕಸಿನಿಂದ ಮುಖ ಬಿಳುಚಿಕೊಂಡು ಹೊರಗೆ ಬಂದದ್ದನ್ನು ನೋಡಿದ್ದೇನೆ. ಕೇಳಿದ್ದಕ್ಕೆ "ಏನಿಲ್ಲಕ್ಕಾ" ಅಂದೆ. ನವೆಂಬರ್ ೨೭ಕ್ಕೆ, ನಿನ್ನ ಹಡಗು ದಡ ಸೇರಿದ ಮೂರನೇ ದಿನ, ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರಮ್ಮನ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಬೈದುಕೊಂಡರೂ ಸರಿ, ಬಾ.