ಸೀರಿಯಲ್ ಹೊತ್ತಿಗೆ ಬನ್ನಿ

ಶೆಟ್ಟಿಕೆರೆ
ಭಾನುವಾರ

ಸೌಭಾಗ್ಯವತಿ ಸಿಂಚನಾಗೆ,

ನಿನಗೆ ಹೀಗೆ ಬರೆಯುವುದು ಇದೇ ಮೊದಲು, ಸರಿಯಾಯಿತೋ ಇಲ್ಲವೋ. ನೀನು ಹೇಳದೆ ಮದುವೆಯಾದ ಮೇಲೆ ಅಪ್ಪ ನನ್ನ ಮೊಬೈಲನ್ನೂ ಕಿತ್ತಿಟ್ಟುಕೊಂಡಿದ್ದಾರೆ. ಅದಕ್ಕೇ ಈ ಕಾಗದ.

ಅಳಿಯಂದಿರ ರಾಕ್ ಆಲ್ಬಮ್ಮನ್ನು ಟೈಲರ್ ನಿಖತ್ ಕೇಳಿಸಿದಳು. ಅಷ್ಟೊಂದು ಕಿರುಚಿದರೆ ಗಂಟಲು ಉಳಿಯುತ್ತದೆಯೇ? ಮೆಣಸಿನ ಕಷಾಯ ಮಾಡಿಕೊಡು. ಕೊನೆಯ ಹಾಡು ಮಾತ್ರ ಮೆತ್ತಗಿದೆ, ಅದನ್ನು ಇನ್ನೊಮ್ಮೆ ಹಾಕಿಸಿಕೊಂಡೆ.

ನಮ್ಮ ಸೀರಿಯಲ್ಲಿನ ಹುಡುಗಿಯೂ ಓಡಿಹೋಗಿ ಮದುವೆಯಾದಳು. ಅಂದಿನಿಂದ, ಅಪ್ಪ ಎಲ್ಲಿ ಎದ್ದು ಟಿವಿ ಆರಿಸಿಬಿಡುತ್ತಾರೋ ಎಂದು ನನಗೆ ದಿನಾ ದಿಗಿಲು. ಅವರು ಬೆನ್ನು ತಿರುಗಿಸಿ ಕೊಬ್ಬರಿ ಸುಲಿಯುತ್ತಾ ಕೂರುತ್ತಾರೆ, ನೋಡದವರ ಹಾಗೆ. ನಿನ್ನೆ ಆ ಹುಡುಗಿ ತವರಿಗೆ ಬಂದರೆ ಅವಳಪ್ಪ ಬಾಗಿಲನ್ನೇ ತೆಗೆಯಲಿಲ್ಲ. ಇವರು ಮಚ್ಚು ಕೆಳಗಿಟ್ಟು, "ಬಾಗ್ಲು ತೆಗಿಯೋ ಬಡ್ಡೆತ್ತದ್ದೇ, ನಿನ್ ಮಗ್ಳು ಕಣ್ಲಾ ಅದು!" ಎಂದು ಟಿವಿಗೆ ಕೂಗಿದರು. ಆಮೇಲೆ ನನ್ನ ಮುಖ ನೋಡಲಿಲ್ಲ.

ಈ ಮನಸ್ಸು ಎಷ್ಟು ದಿನ ಇರುತ್ತದೋ ನನಗೆ ಭಯ. ಇಬ್ಬರೂ ಬೇಗ ಬನ್ನಿ, ಸೀರಿಯಲ್ ಹೊತ್ತಿಗೇ ಬನ್ನಿ. ನೀವು ಎಷ್ಟು ಬಾಗಿಲು ಬಡಿದರೂ ನಾನು ಏಳುವುದಿಲ್ಲ. ಅವರೇ ಏಳಲಿ.

ಕಾಯುತ್ತಿರುವ,
ನಿನ್ನ ಅಮ್ಮ