ತೊಂಬತ್ತಾರು ನಿಮಿಷ

ಕಳವಾ,
ನವೆಂಬರ್ ೨೨

ಪ್ರೀತಿಯ ಪ್ರಫುಲ್ಲಾ,

ಕಳವಾದಿಂದ ನಿನ್ನ ಸೀವುಡ್ಸ್ ಏನು ಮಹಾ ದೂರ? ಲೋಕಲ್ ರೈಲು ಬದಲಿಸಿ ಬರಬಹುದಿತ್ತು. ಎರಡು ವರ್ಷದಲ್ಲಿ ಅಷ್ಟೂ ಮಾಡಲಿಲ್ಲ. ಫೋನ್ ಮಾಡಿದರೆ ನೀನು ಎತ್ತಲಿಕ್ಕಿಲ್ಲ ಎಂಬ ಹೆದರಿಕೆಗೆ ಈ ಕಾಗದ.

ನೀನು ಬಾಣಂತನದಲ್ಲಿದ್ದಾಗ ಎರಡು ಮೇಲ್ ಹಾಕಿ, ಉತ್ತರಕ್ಕೂ ಕಾಯದೆ, ಏಕಾದಶಿಯ ದಿನ ಲೆಕ್ಕ ಹಾಕುವ ನಿನ್ನ ಕೋಡ್ ಲೈಬ್ರರಿಯನ್ನು ಫೋರ್ಕ್ ಮಾಡಿದೆ. ನಿನ್ನ ಕೋಡಿನ ಪ್ರತಿ ತೆಗೆದು ನನ್ನ ಹೆಸರಿನಲ್ಲಿ ನಡೆಸತೊಡಗಿದೆ. ಯಾರು ಬೇಕಾದರೂ ಬಳಸಬಹುದು, ಲೈಸೆನ್ಸ್ ಒಪ್ಪುತ್ತದೆ ಎಂದು ವಾದಿಸಿದೆ. ಸ್ನೇಹ ಒಪ್ಪುತ್ತದೆಯೇ ಎಂದು ಕೇಳಲಿಲ್ಲ. ನೀನು ಮಾತು ಬಿಟ್ಟೆ.

ಈಚೆಗೆ ಆ ಕೋಡನ್ನು ಪೈಥಾನ್ ಭಾಷೆಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ತರುವಾಗ ಎಲ್ಲವನ್ನೂ ಸಾಲು ಸಾಲಾಗಿ ಓದಬೇಕಾಯಿತು. ನಿಜ ಹೇಳಲೇ? ಹೊಟ್ಟೆಕಿಚ್ಚಾಯಿತು. ಉಡುಪಿಯ ಸೂರ್ಯೋದಯ ಡೊಂಬಿವಲಿಗೆ ಸಲ್ಲದು ಎಂದು ಊರೂರಿಗೆ ಬೇರೆ ಲೆಕ್ಕ ಇಟ್ಟವಳು ನೀನು. ಫಂಕ್ಷನ್‌ನ ಹೆಸರು ನೋಡಿದರೆ ಸಾಕು, ಒಳಗೇನಿದೆಯೆಂದು ತಿಳಿಯುತ್ತಿತ್ತು. ಹತ್ತು ವರ್ಷ ಸಂಬಳಕ್ಕೆ ಕೋಡ್ ಬರೆದ ನಾನು ಅಷ್ಟು ಶುಚಿಯಾಗಿ ಒಂದು ಪುಟ ಬರೆದಿಲ್ಲ.

ಆದರೂ ಜಂಬ ಎಲ್ಲಿ ಬಿಡುತ್ತದೆ? ಒಂದು ಕಡೆ ಬರೀ ೯೬ ಎಂಬ ಸಂಖ್ಯೆ ಇತ್ತು. ಪಕ್ಕದಲ್ಲಿ ನಿನ್ನ ಟಿಪ್ಪಣಿ: ಮುಟ್ಟಬೇಡಿ, ಅಮ್ಮನನ್ನು ಕೇಳಿ. ನಕ್ಕು ಎರಡನ್ನೂ ಅಳಿಸಿದೆ. ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ನೀನು ಬರೆದಿಟ್ಟಿದ್ದ ಟೆಸ್ಟ್ ಒಡನೆಯೇ ಫೇಲಾಯಿತು. ಹಳೆಯ ಟೆಸ್ಟ್, ಅದೇ ಸರಿಯಿಲ್ಲ ಎಂದು ಅದನ್ನೂ ತೆಗೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಈ ಸಲದ ಏಕಾದಶಿಗೆ, ಠಾಣೆಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಸೋದರಮಾವ ವಿಷ್ಣುಮೂರ್ತಿ ಫೋನ್ ಮಾಡಿದರು. "ಎಂಥದು ಮಾರಾಯ್ತಿ, ನಿನ್ನ ಪ್ರೋಗ್ರಾಮ್ ನಂಬಿ ನಿನ್ನೆ ಉಪವಾಸ ಮಾಡಿದೆ, ಇವತ್ತು ಬೆಳಿಗ್ಗೆಯೇ ಊಟ ಆಯಿತು. ಏಕಾದಶಿ ಇವತ್ತಂತೆ."

ಆಗ ಆ ೯೬ರ ಅರ್ಥ ಹುಡುಕಿದೆ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ ತೊಂಬತ್ತಾರು ನಿಮಿಷ ಮೊದಲು ದಶಮಿ ಇನ್ನೂ ಉಳಿದಿದ್ದರೆ ನಮ್ಮ ಮಾಧ್ವರಿಗೆ ಉಪವಾಸ ಮರುದಿನ. ಇಡೀ ಸಂಪ್ರದಾಯವನ್ನು ನೀನು ಒಂದು ಸಾಲಿನಲ್ಲಿ ಕಾಪಾಡಿದ್ದೆ. ನನಗೆ ಅದು ಕಸವಾಗಿ ಕಂಡಿತು.

ಸಂಖ್ಯೆ, ಟೆಸ್ಟ್, ನಿನ್ನ ಟಿಪ್ಪಣಿ, ಮೂರನ್ನೂ ಮೊದಲಿದ್ದಲ್ಲೇ ಇಟ್ಟಿದ್ದೇನೆ. ಆದರೆ ನೀನು ನೋಡದೆ ಬಿಡುಗಡೆ ಮಾಡಲು ಕೈ ಬರುತ್ತಿಲ್ಲ. ಮುಂದಿನ ಏಕಾದಶಿಗೆ ಎಂಟೇ ದಿನ. ಲೇಖಕರ ಪಟ್ಟಿಯಲ್ಲಿ ನಿನ್ನ ಹೆಸರು ಮೊದಲಿದೆ, ಪೂರ್ತಿ ಅಧಿಕಾರವೂ ನಿನ್ನದೇ. ಬಯ್ಯುವುದಿದ್ದರೆ ಲೈಬ್ರರಿಯ ಪುಟದಲ್ಲೇ ಎಲ್ಲರೆದುರು ಬಯ್ಯಿ, ಬೇಸರವಿಲ್ಲ. ನಿನ್ನ ಕೋಡಿನಷ್ಟೇ ನೀನೂ ಬೇಕು.

ನಿನ್ನ,
ಅಮೂಲ್ಯಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಡೊಂಬಿವಲಿಗೆ, ನಿನ್ನ ಅಮ್ಮನಲ್ಲಿಗೆ ಹೋಗಿದ್ದೆ. ವಾರಿಜಮ್ಮನ ನಲವತ್ತು ವರ್ಷದ ವ್ರತವೂ ಆ ದಿನ ತಪ್ಪಿದೆ. ಅಡುಗೆಮನೆಯ ಪಂಚಾಂಗದಲ್ಲಿ ಸರಿಯಾದ ದಿನವೇ ಇತ್ತು. ನೋಡಲಿಲ್ಲವೇ ಎಂದು ಕೇಳಿದೆ. "ನೋಡಿದ್ದೆ ಮಗಾ. ಅಚ್ಚಿನವರೇ ತಪ್ಪಿರಬೇಕು ಅಂತ ಎಣಿಸಿದೆ. ಪ್ರಫುಲ್ಲನ ಲೆಕ್ಕ ತಪ್ಪುದಿಲ್ಲ" ಎಂದರು. ಆ ಪ್ರೋಗ್ರಾಮನ್ನು ಈಗಲೂ ನೀನೇ ನಡೆಸುತ್ತಿದ್ದೀ ಎಂದು ಅವರು ತಿಳಿದಿದ್ದಾರೆ. ತಪ್ಪೊಪ್ಪಿಕೊಳ್ಳಲು ಹೋದವಳು ಕಾಫಿ ಕುಡಿದು ಬಂದೆ.