ಇಲ್ಲಿ ಹವಾ ಚೆನ್ನಾಗಿದೆ

ಸೆಪ್ಟೆಂಬರ್ 9, ಭಾನುವಾರ

ಹತ್ತು ಗಂಟೆಗೆ ಕಂಪ್ಯೂಟರಿನ ಮೇಲಿನ ಜಾಲರಿ ಬಟ್ಟೆ ತೆಗೆದೆ. ಅಜ್ಜಿ ಹೆಣೆದದ್ದು. ಮೊದಲು ಟೀವಿಯ ಮೇಲಿತ್ತು, ಈಗ ಇದರ ಮೇಲೆ. ಧೂಳು ಒರೆಸಿದೆ. ತಾತ ಗಡ್ಡ ಹೆರೆದು, ಟೈ ಕಟ್ಟಿ, ಚರ್ಚಿನ ಕೋಟು ಹಾಕಿಕೊಂಡು ಬಂದು ಕುಳಿತರು. ಪ್ರತಿ ಭಾನುವಾರ ಹೀಗೇ.

ಅಮ್ಮ ತೆರೆಯ ಮೇಲೆ ಬಂದಳು. ಸ್ಪೇನಿನಲ್ಲಿ ತಾನು ನೋಡಿಕೊಳ್ಳುವ ಮುದುಕಿಯ ಅಡುಗೆಮನೆಯಿಂದ. ಕೂದಲು ಗಿಡ್ಡ ಮಾಡಿಸಿದ್ದಾಳೆ.

"ಅಪ್ಪಾ, ಹೇಗಿದೀರಿ?"

"ಚೆನ್ನಾಗಿದೀವಿ. ಇಲ್ಲಿ ಹವಾ ಚೆನ್ನಾಗಿದೆ."

"ಕಾಲು ನೋವು?"

"ಬೆಳಿಗ್ಗೆ ಸ್ವಲ್ಪ ಮೋಡ ಇತ್ತು. ಈಗ ಬಿಸಿಲು."

ನಾಲ್ಕು ನಿಮಿಷ. ಎದ್ದು ಹೋದರು. ಅಮ್ಮ ಹೋಗಿ ಐದು ವರ್ಷ. ಐದು ವರ್ಷವೂ ಮೋಡ, ಬಿಸಿಲು, ಇಷ್ಟೇ.

ಆಮೇಲೆ ಅಮ್ಮ ದನಿ ತಗ್ಗಿಸಿ ಹೇಳಿದಳು. "ಮುದುಕಿ ಮಕ್ಕಳು ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು ಅಂತಿದಾರೆ. ಅಕ್ಟೋಬರ್ ಇಪ್ಪತ್ತೈದರೊಳಗೆ ಹೇಳ್ಬೇಕು. ವೊಯ್ಕಾ, ನಿಮ್ಮ ತಾತ ಒಂದೇ ಒಂದು ಸಲ 'ಬಾ' ಅಂದ್ರೆ ಸಾಕು, ಮಾರನೇ ದಿನ ಬಸ್ಸು ಹತ್ತುತೀನಿ. ಅವರಿಗೆ ನಾನು ಬೇಡವೇನೋ ಅನ್ಸುತ್ತೆ ಕಣೇ."

ನಿನಗಾಗಿಯೇ ಟೈ ಕಟ್ಟುತ್ತಾರಮ್ಮಾ, ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ನನಗೆ ಯಾವಾಗಲೂ ಹೀಗೇ. ಅದಕ್ಕೇ ಈ ನೋಟ್‌ಬುಕ್ಕು.

ಸೆಪ್ಟೆಂಬರ್ 13, ಗುರುವಾರ

ಪರದೆ ಹೊಲಿಯುವ ಕಾರ್ಖಾನೆಯಿಂದ ಬೇಗ ಬಂದೆ. ಕಂಪ್ಯೂಟರಿನಲ್ಲಿ ಒಂದು ಪುಟ್ಟ ಸೂರ್ಯ ಸಿಕ್ಕಿತು — ಪುಕ್ಕಟೆ. ಮೂಲೆಯಲ್ಲಿ ಕುಳಿತು ಆ ದಿನದ ಹವಾ ತೋರಿಸುತ್ತದೆ. ಬಿಸಿಲಿದ್ದರೆ ನಗುತ್ತದೆ, ಮಳೆಯಿದ್ದರೆ ಕೊಡೆ ಹಿಡಿಯುತ್ತದೆ. ತಾತನಿಗೆ ಹೇಗೂ ಹವಾ ಬೇಕಲ್ಲ ಎಂದು ಹಾಕಿದೆ.

ತಾತ ಕನ್ನಡಕ ಏರಿಸಿ ನೋಡಿದರು. "ಇದಕ್ಕೆ ನಮ್ಮೂರು ಯಾವುದು ಅಂತ ಹೇಗೆ ಗೊತ್ತಾಯ್ತು?"

"ನಾನೇ ಬರೆದೆ, ತಾತ."

"ಇನ್ನೇನು ಬರೆದೆ?"

"ಹೆಸರು... ಹುಟ್ಟಿದ ದಿನ..."

"ಹೂಂ" ಅಂದರು. ಅಷ್ಟೇ.

ಸೆಪ್ಟೆಂಬರ್ 15, ಶನಿವಾರ

ಕಂಪ್ಯೂಟರ್ ತೆವಳುತ್ತಿದೆ. ಒಂದು ಅಕ್ಷರ ಒತ್ತಿದರೆ ಅದು ಕಾಣಿಸುವಷ್ಟರಲ್ಲಿ ಒಂದು ಬದನೆ ಸುಲಿಯಬಹುದು. ಬಟ್ಟೆ ಕಡಿಮೆಯಿರುವ ಹೆಂಗಸರು ತಾವಾಗಿಯೇ ತೆರೆಯ ಮೇಲೆ ಬರುತ್ತಾರೆ. ತಾತನ ಎದುರಿಗೇ. ನಾನು ಜಾಲರಿ ಬಟ್ಟೆ ಎಳೆದು ಮುಚ್ಚಿದೆ.

ಸಂಜೆ ಒಂದು ದೊಡ್ಡ ಕಿಟಕಿ ತೆರೆದುಕೊಂಡಿತು. ಕೆಂಪು ಅಕ್ಷರ, ಪರಭಾಷೆ. ನಾನು ಚಿಕ್ಕಂದಿನಲ್ಲಿದ್ದ ಹಳ್ಳಿಯ ಶಾಲೆಯಲ್ಲಿ ಇದ್ದದ್ದೇ ನಾಲ್ಕು ಕ್ಲಾಸು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. 'ವೈರಸ್' ಒಂದು ತಿಳಿಯಿತು, ಕೆಳಗೆ ಡಾಕ್ಟರರ ಶಿಲುಬೆ ಇರುವ ಗುಂಡಿ. ಯಾರೋ ಪುಣ್ಯಾತ್ಮರು ಸಹಾಯಕ್ಕೆ ಬಂದಿದ್ದಾರೆ ಅಂದುಕೊಂಡೆ.

ಒತ್ತಿದೆ.

ಸೆಪ್ಟೆಂಬರ್ 16, ಭಾನುವಾರ

ತಾತ ಟೈ ಕಟ್ಟಿ ಕುಳಿತರು. ಅಮ್ಮ ಬರಲಿಲ್ಲ. ಯಾರೂ ಬರಲಿಲ್ಲ. ಇಂಟರ್‌ನೆಟ್ಟೇ ಇಲ್ಲ.

ಕೆಳಗೆ ಹೋಗಿ ನೋಡಿದರೆ ಮೆಟ್ಟಿಲ ಬಾಗಿಲಿಗೆ ಚೀಟಿ: 'ಮನೆ 11 — ವೈರಸ್. ಕೇಬಲ್ ಕಿತ್ತಿದೆ. ಝಂಫೀರಾ.'

ಝಂಫೀರತ್ತೆ ನಾಲ್ಕನೇ ಮಹಡಿಯವರು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಈಗ ನಮ್ಮ ಕಟ್ಟಡದ ಇಂಟರ್‌ನೆಟ್ಟು ಅವರ ಕೈಯಲ್ಲಿ. ಒಂದೇ ದೊಡ್ಡ ಲೈನು ಬರುತ್ತದೆ, ಅವರು ಅದನ್ನು ಇಪ್ಪತ್ತು ಮನೆಗೆ ಹಂಚಿದ್ದಾರೆ. ಒಂದು ಮನೆಗೆ ಕಾಯಿಲೆ ಬಂದರೆ ಇಪ್ಪತ್ತಕ್ಕೂ ಹತ್ತುತ್ತದೆ. ಅದಕ್ಕೇ ಕೀಳುತ್ತಾರೆ.

ಎರಡನೇ ಮಹಡಿಯ ಹೆಂಗಸು ದೊಣ್ಣೆಮೆಣಸಿನ ಚೀಲ ಹೊತ್ತು ಹತ್ತುತ್ತಾ, "ಏನೇ ಹುಡುಗಿ, ಮಾತೇ ಆಡಲ್ಲ ಅಂದ್ಕೊಂಡಿದ್ವಿ, ಜ್ವರ ಮಾತ್ರ ಮನೆಮನೆಗೂ ಹಂಚಿದ್ಯಲ್ಲೇ!" ಅಂದಳು. ಚೀಟಿ ಕೀಳೋಣವೆಂದುಕೊಂಡೆ. ಕೀಳಲಿಲ್ಲ.

ಝಂಫೀರತ್ತೆಯನ್ನು ಕರೆಯಲೇ ಎಂದು ಕೇಳಿದೆ. ತಾತ ಟೈ ಬಿಚ್ಚುತ್ತಿದ್ದವರು ನಿಲ್ಲಿಸಿದರು. "ಆ ಹೆಂಗಸು ಈ ಹೊಸ್ತಿಲು ದಾಟಕೂಡದು."

ಇಪ್ಪತ್ತನಾಲ್ಕು ವರ್ಷದಿಂದ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ತಾತ ಅವರಿಗೆ ಒಂದು ನಮಸ್ಕಾರ ಹೇಳಿದ್ದನ್ನು ಯಾರೂ ಕಂಡಿಲ್ಲ.

ಸೆಪ್ಟೆಂಬರ್ 22, ಶನಿವಾರ

ಮೂರು ಸಲ ನಾಲ್ಕನೇ ಮಹಡಿಗೆ ಹೋದೆ. ಎರಡು ಸಲ ಹಾಗೇ ಇಳಿದೆ. ಮೂರನೇ ಸಲ ಗಂಟೆ ಒತ್ತಿದೆ.

"ಬಾಯಿ ಬಿಡು ಮಗಾ, ನಾನೇನು ಕಚ್ಚಲ್ಲ. ಕೆಂಪು ಅಕ್ಷರ ಬಂತಾ?"

ತಲೆಯಾಡಿಸಿದೆ.

"ಒತ್ತಿದ್ಯಾ?"

ತಲೆಯಾಡಿಸಿದೆ.

"ಅಳ್ಬೇಡ. ಇಡೀ ಕಟ್ಟಡದಲ್ಲಿ ಒತ್ತದೇ ಉಳಿದೋಳು ನಾನೊಬ್ಬಳೇ. ಅದೂ ಕನ್ನಡಕ ಹುಡುಕ್ತಿದ್ದೆ, ಅದಕ್ಕೆ."

ತಾತ ಮಂಗಳವಾರ ಪಾರ್ಕಿನಲ್ಲಿ ಚೆಸ್ ಆಡಲು ಹೋಗುತ್ತಾರೆ. ಆಗ ಬರಲು ಹೇಳಿದೆ. ಕಳ್ಳತನ ಮಾಡಿದವಳ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ.

ಸೆಪ್ಟೆಂಬರ್ 25, ಮಂಗಳವಾರ

ಝಂಫೀರತ್ತೆ ಸೀಡಿ ಹಾಕಿದರು. ಕಂಪ್ಯೂಟರ್ ತನ್ನ ಹೊಟ್ಟೆಯನ್ನೆಲ್ಲ ಹುಡುಕತೊಡಗಿತು. ಸಿಕ್ಕಿದ ವೈರಸ್ಸು ಅರವತ್ತೆರಡು.

"ಇವೆಲ್ಲ ಮರಿಗಳು. ತಾಯಿ ಇಲ್ಲಿದೆ ನೋಡು" ಎಂದು ಬೆರಳಿಟ್ಟರು. ನನ್ನ ಸೂರ್ಯ.

ಅದು ಹವಾ ನೋಡುತ್ತಿರಲಿಲ್ಲವಂತೆ, ನಮ್ಮನ್ನು ನೋಡುತ್ತಿತ್ತಂತೆ. ನಾನು ಒತ್ತಿದ ಪ್ರತಿ ಅಕ್ಷರ ಬರೆದಿಟ್ಟುಕೊಂಡು ಎಲ್ಲಿಗೋ ಕಳಿಸುತ್ತಿತ್ತಂತೆ. ಅಮ್ಮನ ವಿಳಾಸ, ಪಾಸ್‌ವರ್ಡು, ಎಲ್ಲ. ಪುಣ್ಯಕ್ಕೆ ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ಹಿಂದೆ ತಿರುಗಿದರೆ ಬಾಗಿಲಲ್ಲಿ ತಾತ. ಟೋಪಿ ತಲೆಯ ಮೇಲೇ ಇದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಸೂರ್ಯನೊಳಗೆ ಕೂತಿತ್ತಾ?"

"ಹೌದು ಪಂಫಿಲಣ್ಣ" ಅಂದರು ಝಂಫೀರತ್ತೆ.

"ನಗ್ತಾ?"

"ನಗ್ತಾನೇ."

"ನಮ್ಮ ಕಾಲದ ಗೂಢಚಾರನೂ ನಗ್ತಾನೇ ಬರ್ತಿದ್ದ. ಬರುವಾಗ ಕಾಫಿಪುಡಿ ತರ್ತಿದ್ದ." ತಾತನಿಗೆ ಆಶ್ಚರ್ಯವೇ ಆಗಿರಲಿಲ್ಲ. ಐದು ವರ್ಷದಿಂದ ಇದನ್ನೇ ಕಾಯುತ್ತಿದ್ದವರ ಹಾಗಿದ್ದರು. ಆಮೇಲೆ ಅಂದರು, "ಕದ್ದು ಕೇಳೋದರ ವಿದ್ಯೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತಮ್ಮಾ."

ಝಂಫೀರತ್ತೆ ಕೋಟು ತೆಗೆದುಕೊಂಡು ಎದ್ದುಹೋದರು. ಕೆಲಸ ಅರ್ಧ. ಸೀಡಿ ಒಳಗೇ ತಿರುಗುತ್ತಿತ್ತು.

ಸೆಪ್ಟೆಂಬರ್ 30, ಭಾನುವಾರ

ಅಂಚೆ ಕಚೇರಿಯ ಹತ್ತಿರದ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಕಂಪ್ಯೂಟರಿಗೆ ಹುಷಾರಿಲ್ಲ ಅಂದೆ.

"ತಾತ ಏನಾದ್ರೂ ಹೇಳಿದ್ರಾ?"

"ಹವಾ ಚೆನ್ನಾಗಿದೆ ಅಂದರು."

ಅಮ್ಮ ಅಂದಳು, "ಸರಿ ಬಿಡು. ಸಹಿ ಹಾಕ್ತೀನಿ ಅನ್ಸುತ್ತೆ."

ಮನೆಗೆ ಬಂದರೆ ತಾತ ಕಂಪ್ಯೂಟರಿನ ಕ್ಯಾಮೆರಾದ ಕಣ್ಣಿಗೆ ಕಪ್ಪು ಟೇಪು ಅಂಟಿಸಿದ್ದರು. ಅದರ ಮೇಲೆ ಇನ್ನೊಂದು.

ಅಕ್ಟೋಬರ್ 6, ಶನಿವಾರ

ಬಾಲ್ಕನಿಯಲ್ಲಿ ಬದನೆಕಾಯಿ ಸುಟ್ಟೆವು. ಚಳಿಗಾಲಕ್ಕೆ ಹತ್ತು ಬಾಟಲಿ ಗೊಜ್ಜು ಆಗುತ್ತದೆ. ತಾತ ಸಿಪ್ಪೆ ಸುಲಿಯುತ್ತಿದ್ದರು. ಕೈ ಕಪ್ಪಾಗಿದ್ದಾಗ ಕೇಳುವುದು ಸುಲಭ, ಯಾರೂ ಎದ್ದು ಹೋಗುವುದಿಲ್ಲ.

"ಅಮ್ಮನಿಗೆ ಯಾಕೆ ಬಾ ಅನ್ನಲ್ಲ ತಾತ?"

ತಾತ ಎದ್ದರು. ಹೋಗಿಬಿಟ್ಟರು ಅಂದುಕೊಂಡೆ. ಸಿಂಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ವಾಪಸು ಬಂದು ಕುಳಿತರು. ಬೇರೆ ಯಾರಿಗೂ ಕೇಳದ ಹಾಗೆ ನೀರಿನ ಸದ್ದಿನೊಳಗೆ ಹೇಳಿದರು.

ಕಮ್ಯುನಿಸ್ಟರ ಕಾಲವದು; ಅಮ್ಮ ಗಲಾಟ್ಸ್ ಪಟ್ಟಣದ ಕಾರ್ಖಾನೆಯಲ್ಲಿದ್ದಳು, ಇಪ್ಪತ್ತರ ಹುಡುಗಿ. ತಾತನ ತಮ್ಮ ಇಲಾರಿಯೆ ಹಳ್ಳಿಯಲ್ಲಿ ಒಂದು ಕರು ಕಡಿದಿದ್ದ. ಆಗ ಕರು ಸರ್ಕಾರದ್ದು, ಸಾಕಿದವನದ್ದಲ್ಲ. ಕೇಳದೆ ಕಡಿದರೆ ಜೈಲು. ತಾತ ಮಗಳಿಗೆ ಫೋನ್ ಮಾಡಿ ಹೇಳಿದರು: "ಸಾವೆಟಾ, ಭಾನುವಾರ ಬಾ, ಚಿಕ್ಕಪ್ಪನ ಮನೇಲಿ ಕರುವಿನ ಊಟ." ಯಾರೋ ಫೋನ್ ಕದ್ದು ಕೇಳಿದ್ದರು; ಶುಕ್ರವಾರವೇ ಪೊಲೀಸರು ಇಲಾರಿಯೆಯನ್ನು ಎಳೆದುಕೊಂಡು ಹೋದರು. ಒಂದೂವರೆ ವರ್ಷ. ವಾಪಸು ಬಂದಾಗ ಅವನ ಕೋಟು ಅವನಿಗೇ ದೊಡ್ಡದಾಗಿತ್ತಂತೆ. ಹೆಚ್ಚು ದಿನ ಉಳಿಯಲಿಲ್ಲ.

"ಅಮ್ಮನಿಗೆ ಗೊತ್ತಾ?"

"ಗೊತ್ತಾದ್ರೆ ನನ್ನ ಊಟಕ್ಕೇ ಹೀಗಾಯ್ತು ಅಂದ್ಕೊಳ್ತಾಳೆ. ಸುಮ್ನೆ ಸುಲಿ."

ಫೋನ್ ಜೋಡಿಸುವ ಜಾಗದಲ್ಲಿ ಆಗ ಕೂರುತ್ತಿದ್ದದ್ದು ಝಂಫೀರತ್ತೆ.

ಅಕ್ಟೋಬರ್ 7, ಭಾನುವಾರ

ಒಂದೇ ಉಸಿರಿಗೆ ಕೇಳಿಬಿಟ್ಟೆ, ನಾಲ್ಕನೇ ಮಹಡಿಯ ಬಾಗಿಲಲ್ಲೇ ನಿಂತು. "ಕರುವಿನ ಮಾತು ನೀವು ಕೇಳಿಸ್ಕೊಂಡು ಹೇಳಿದ್ರಾ?" ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಝಂಫೀರತ್ತೆ ಹಿಟ್ಟು ಕಲಸುತ್ತಿದ್ದರು. ಕೈ ತೊಳೆಯಲೂ ಇಲ್ಲ. ಹಾಗೇ ಮೂರು ಮಹಡಿ ಇಳಿದು ನಮ್ಮ ಬಾಗಿಲು ತಟ್ಟಿದರು. ತಾತ ತೆರೆದರು. ಹಿಟ್ಟಿನ ಕೈ ನೋಡಿ ಬಾಗಿಲು ಹಾಕಲು ಮರೆತರು.

"ಪಂಫಿಲಣ್ಣ, ನಾನು ಬರೀ ಲೈನು ಜೋಡಿಸೋ ಪಿನ್ನು ಚುಚ್ತಿದ್ದೆ. ಕೇಳೋರು ಬೇರೆ ರೂಮಲ್ಲಿದ್ರು. ಅದರ ಬೀಗದ ಕೈ ನಮಗೆ ಕೊಡ್ತಿರ್ಲಿಲ್ಲ. ಅವರು ಕೂತಾಗ ಲೈನಿನ ದನಿ ಸ್ವಲ್ಪ ಇಳಿಯೋದು, ನೀರೊಳಗಿಂದ ಮಾತಾಡಿದ ಹಾಗೆ. ಅಷ್ಟು ನನಗೆ ಗೊತ್ತಾಗೋದು."

ತಾತನ ಕೈ ಚಿಲಕದ ಮೇಲೇ ಇತ್ತು.

"ಆಗೆಲ್ಲ ನಿಮ್ಮ ಫೋನು ನಡುವೆ ಕಟ್ ಆಗ್ತಿತ್ತಲ್ಲ, ನೆನಪಿದೆಯಾ? ನೀವು ರೊಟ್ಟಿಗೂ ಸಾಲು, ಎಣ್ಣೆಗೂ ಸಾಲು ಅಂತ ಸರ್ಕಾರನ ಬೈಯೋಕೆ ಶುರು ಮಾಡಿದ ಕೂಡಲೇ?"

"ನೆನಪಿದೆ. ಹಾಳು ಲೈನು. ನಿನ್ನ ಮೇಲೆ ಏಳು ದೂರು ಬರೆದಿದ್ದೆ."

"ಎಂಟು. ಎಂಟಕ್ಕೂ ನನ್ನ ಕೈಲಿ ಸಹಿ ಮಾಡಿಸ್ಕೊಂಡ್ರು." ಏಪ್ರನ್ನಿನ ಅಂಚಿನಲ್ಲಿ ಕಣ್ಣು ಒರೆಸಿಕೊಂಡರು, ಹಣೆಗೆಲ್ಲ ಹಿಟ್ಟಾಯಿತು. "ಕೀಳ್ತಿದ್ದೋಳು ನಾನೇ, ಅಣ್ಣ. ಕರುವಿನ ದಿನ ನನ್ನ ಪಾಳಿ ಇರ್ಲಿಲ್ಲ. ಇದ್ದಿದ್ರೆ... ಅದನ್ನೂ ಕೀಳ್ತಿದ್ದೆ."

ಮೆಟ್ಟಿಲಲ್ಲಿ ಯಾರೋ ಹತ್ತಿ ಹೋದರು. ತಾತ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಒಳಗೆ ಬಾರಮ್ಮ" ಅಂದರು ತಾತ. "ಕೈ ತೊಳಕೋ. ಬದನೆಕಾಯಿ ಗೊಜ್ಜು ಬಿಸಿ ಇದೆ."

ಅಕ್ಟೋಬರ್ 12, ಶುಕ್ರವಾರ

ಸೂರ್ಯ ಹೋಯಿತು. ಮರಿಗಳೂ. ಈಗ ಕಾವಲಿಗೆ ಒಂದು ಪ್ರೋಗ್ರಾಂ ಇದೆ, ದಿನಾ ಹೊಸ ಕಳ್ಳರ ಪಟ್ಟಿ ತರಿಸಿಕೊಳ್ಳುತ್ತದೆ. ಶನಿವಾರ ಪೂರ್ತಿ ಶೋಧ, ನಮ್ಮ ತಲೆಸ್ನಾನದ ಹಾಗೆ. ಗೊತ್ತಿಲ್ಲದ ಕಡೆಯಿಂದ ಬಂದ ಕಾಗದ ತೆರೆಯಕೂಡದು. ಪುಕ್ಕಟೆ ಎಂದದ್ದನ್ನು ಮುಟ್ಟುವ ಮೊದಲು ನಾಲ್ಕನೇ ಮಹಡಿಗೆ ಬರಬೇಕು.

ತಾತ ಎಲ್ಲವನ್ನೂ ಎರಡೆರಡು ಸಲ ಕೇಳಿದರು. ಹೊಸ ಪಾಸ್‌ವರ್ಡು ಅವರೇ ಒತ್ತಿದರು — ಒಂದೇ ಬೆರಳಲ್ಲಿ, ನಮ್ಮಿಬ್ಬರನ್ನೂ ಗೋಡೆಯ ಕಡೆ ತಿರುಗಿಸಿ.

"ನನಗಾದ್ರೂ ಹೇಳಿ ಅಣ್ಣ, ಮರೆತುಬಿಟ್ರೆ?"

"ನಿನಗಾ? ನೀನು ಪಿನ್ನು ಕೀಳೋಳು."

ಝಂಫೀರತ್ತೆ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಕೆಳಗಿಳಿದು ಕೇಬಲ್ ಚುಚ್ಚಿದರು. ಚೀಟಿ ನಾನೇ ಕಿತ್ತೆ.

ಅಕ್ಟೋಬರ್ 14, ಭಾನುವಾರ

ಟೇಪು ತೆಗೆದರು. ಟೈ. ಕೋಟು. ಅಮ್ಮ ಬಂದಳು, ಬಡವಾಗಿದ್ದಾಳೆ.

"ಸಾವೆಟಾ" ಅಂದರು ತಾತ. ಹೆಸರು ಹಿಡಿದು ಕರೆದದ್ದು ಎಷ್ಟು ದಿನಕ್ಕೋ. ಅಮ್ಮ ತೆರೆಗೆ ಹತ್ತಿರ ಬಂದಳು.

"ಇಲ್ಲಿ ಹವಾ..." ನಿಂತುಹೋಯಿತು. ಎದ್ದುಹೋದರು.

ಇಪ್ಪತ್ತೈದಕ್ಕೆ ಮುಂಚೆ ಇನ್ನು ಒಂದೇ ಭಾನುವಾರ.

ಅಕ್ಟೋಬರ್ 21, ಭಾನುವಾರ

ಬೆಳಿಗ್ಗೆ ಆರಕ್ಕೇ ತಾತ ಶೋಧ ಹಚ್ಚಿದ್ದರು. ನಿನ್ನೆ ಮಾಡಿದ್ದೆವಲ್ಲ ಅಂದೆ. "ರಾತ್ರಿ ಬಂದಿದ್ರೆ?" ಏನೂ ಸಿಗಲಿಲ್ಲ.

ಹತ್ತೂವರೆಗೆ ಅಮ್ಮ ಬಂದಳು. ತಾತ ನನ್ನ ಕಡೆ ನೋಡಿದರು. "ಮಗಾ, ಅಡುಗೆಮನೆ ನಲ್ಲಿ ಬಿಡು. ಪೂರ್ತಿ. ಬಾಗಿಲು ಎಳಕೋ."

ಬಿಟ್ಟೆ. ಬಾಗಿಲ ಹಿಂದೆ ನಿಂತೆ. ತಾತನ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೋಡ, ಬಿಸಿಲು ಅಷ್ಟುದ್ದ ಇರುವುದಿಲ್ಲ.

ಭಾನುವಾರ ಹನ್ನೊಂದಕ್ಕೆ ನಮ್ಮ ಕಟ್ಟಡಕ್ಕೆ ನೀರು ನಿಲ್ಲಿಸುತ್ತಾರೆ. ಮರೆತೇಬಿಟ್ಟಿದ್ದೆ. ನಲ್ಲಿ ಗೊರಗೊರ ಎಂದಿತು, ದಾರದಷ್ಟಾಯಿತು, ನಿಂತಿತು.

ಒಳಗೆ ತಾತನ ದನಿಯೂ ನಿಂತಿತು.

ಮೂಲೆಯಲ್ಲಿ ತುಂಬಿಸಿಟ್ಟ ಬಕೆಟ್ಟು. ಮಗ್ಗು ಅದ್ದಿ, ಕೈ ಎತ್ತರಕ್ಕೆ ಎತ್ತಿ ಸಿಂಕಿಗೆ ಸುರಿದೆ. ಇನ್ನೊಂದು. ಇನ್ನೊಂದು. ನಲ್ಲಿಯ ಹಾಗೇ ಕೇಳಬೇಕು, ನಡುವೆ ಬಿಡುವು ಬರಬಾರದು. ತೋಳು ಒದ್ದೆ, ಕಾಲು ಒದ್ದೆ. ತುಸು ಹೊತ್ತಿಗೆ ತಾತನ ದನಿ ಮತ್ತೆ ಶುರುವಾಯಿತು.

ಎರಡು ಬಕೆಟ್ಟು. ಎರಡನೆಯದರ ತಳ ಕಾಣುವಾಗ ಅಮ್ಮನ ದನಿ ಕೇಳಿತು — ಅತ್ತದ್ದೋ ನಕ್ಕದ್ದೋ.

ಬಾಗಿಲು ತೆರೆದಾಗ ತೆರೆ ಆರಿಹೋಗಿತ್ತು. ತಾತ ಟೈ ಸಡಿಲಿಸಿಕೊಂಡು ಕುಳಿತಿದ್ದರು. ನನ್ನ ಒದ್ದೆ ಕಾಲು ನೋಡಿದರು, ಖಾಲಿ ಬಕೆಟ್ಟು ನೋಡಿದರು. ಕಂಪ್ಯೂಟರಿಗೆ ಜಾಲರಿ ಬಟ್ಟೆ ಹೊದಿಸಿದರು, ಮಗುವಿಗೆ ಹೊದಿಸುವ ಹಾಗೆ.

ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಕ್ಟೋಬರ್ 22, ಸೋಮವಾರ, ಸಂಜೆ 5

ಕಾರ್ಖಾನೆಯಿಂದ ಬರುವಾಗಲೇ ಸದ್ದು. ಧಪ್, ಧಪ್. ಅಂಗಳದಲ್ಲಿ ಜಮಖಾನ ಬಡಿಯುವ ಕಬ್ಬಿಣದ ಕಂಬಿಯ ಮೇಲೆ ಒಂದು ನೀಲಿ ರಜಾಯಿ. ತಾತ ತೋಳು ಮಡಚಿ ಬಡಿಯುತ್ತಿದ್ದಾರೆ. ಆ ನೀಲಿ ಅಮ್ಮನದು. ಐದು ವರ್ಷದಿಂದ ಬೀರುವಿನ ಮೇಲಿತ್ತು.

ಓಡಿ ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ, ಕೋಟೂ ಬಿಚ್ಚಿಲ್ಲ. ಕಿಟಕಿ ತೆರೆದಿದೆ.

"ಪಂಫಿಲಣ್ಣ, ಧೂಳೆಲ್ಲ ನನ್ನ ಹಿಟ್ಟಿಗೆ!" — ನಾಲ್ಕನೇ ಮಹಡಿಯಿಂದ.

"ಒಂಬತ್ತನೇ ದೂರು ಬರೀಲಾ?"

ಮತ್ತೆ ಧಪ್, ಧಪ್. ಈಗ ನನ್ನನ್ನು ಕರೆಯುತ್ತಿದ್ದಾರೆ. ಇಡೀ ಅಂಗಳಕ್ಕೆ ಕೇಳುವ ಹಾಗೆ, ಇಪ್ಪತ್ತು ಮನೆಗೂ ಕೇಳುವ ಹಾಗೆ —

"ವೊಯ್ಕಾ! ನಿಮ್ಮಮ್ಮನ ದಿಂಬು ತಗೊಂಡು ಬಾ! ಬೇಗ ಬಾ, ಬಿಸಿಲು ಹೋಗ್ತಿದೆ!"

ದಿಂಬು ಎಲ್ಲಿಟ್ಟೆ ನಾನು, ಮಂಚದ ಕೆಳಗೆ —